ಲಿಸ್ಟಿನ ಸಾಲಿಗೆ ಬಣ್ಣ: ಶೇರ್‌ಪಾಯಿಂಟ್ ಪ್ರಶ್ನೋತ್ತರ

ಕಚೇರಿಗಳು ಮಾಹಿತಿ ಹಂಚಿಕೊಳ್ಳಲು ಬಳಸುವ ಮೈಕ್ರೋಸಾಫ್ಟಿನ ವೇದಿಕೆ ಶೇರ್‌ಪಾಯಿಂಟ್. ಅದರ ಲಿಸ್ಟುಗಳಲ್ಲಿ (ಮಾಹಿತಿಯ ಪಟ್ಟಿಗಳಲ್ಲಿ) ಸ್ಟೇಟಸ್ಸಿಗೋ ಗಡುವಿಗೋ ತಕ್ಕಂತೆ ಸಾಲುಗಳ ಬಣ್ಣ ಬದಲಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಶುರುವಿಗೇ ಒಂದು ಮಾತು. ಕೋಡಿನ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದೆ. ಫೈಲಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ದೊಡ್ಡಕ್ಷರ ಚಿಕ್ಕಕ್ಷರವೂ ತಪ್ಪಬಾರದು.

ಪ್ರಶ್ನೆ: ನಮ್ಮ ಕಾರ್ಖಾನೆಯ ಖರೀದಿ ಬೇಡಿಕೆಗಳು ಶೇರ್‌ಪಾಯಿಂಟ್ 2016ರ ಲಿಸ್ಟೊಂದರಲ್ಲಿವೆ. ‘ಅಪ್ರೂವ್ಡ್’ ಆದ ಸಾಲು ಹಸಿರಾಗಲಿ ಎಂದು ಪುಟಕ್ಕೆ ಜೆಕ್ವೆರಿ (ಜಾವಾಸ್ಕ್ರಿಪ್ಟಿನ ಒಂದು ಸಿದ್ಧ ಕೋಡ್ ಸಂಗ್ರಹ) ಸ್ಕ್ರಿಪ್ಟ್ ಹಾಕಿದೆವು. ‘ನಾಟ್ ಅಪ್ರೂವ್ಡ್’ ಸಾಲುಗಳೂ ಹಸಿರಾಗುತ್ತಿವೆ. ಮುಂದಿನ ಪುಟಕ್ಕೆ ಹೋದರೆ ಯಾವ ಬಣ್ಣವೂ ಇಲ್ಲ. ಎಲ್ಲಿ ತಪ್ಪಿದೆವು?
— ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಎರಡೂ ತೊಂದರೆಗಳಿಗೆ ಬೇರು ಒಂದೇ. ನಿಮ್ಮ ಸ್ಕ್ರಿಪ್ಟು ಲಿಸ್ಟಿನ ಮಾಹಿತಿಯನ್ನು ಓದುತ್ತಿಲ್ಲ, ಪರದೆಯ ಮೇಲೆ ಬಿದ್ದ ಅಕ್ಷರಗಳನ್ನು ಓದುತ್ತಿದೆ. ಜೆಕ್ವೆರಿಯ ‘ಕಂಟೇನ್ಸ್’ ಎಂಬುದು ಆ ಪದ ಎಲ್ಲಾದರೂ ಒಳಗಿದ್ದರೆ ಸಾಕು, ಸಿಕ್ಕಿತು ಎನ್ನುತ್ತದೆ. ‘ನಾಟ್ ಅಪ್ರೂವ್ಡ್’ನೊಳಗೆ ‘ಅಪ್ರೂವ್ಡ್’ ಇದ್ದೇ ಇದೆ. ನಾಳೆ ಯಾರೋ ಷರಾ ಕಾಲಮ್ಮಿನಲ್ಲಿ ಆ ಪದ ಬರೆದರೆ ಆ ಸಾಲೂ ಹಸಿರಾಗುತ್ತದೆ. ಇನ್ನು ಎರಡನೇ ಪುಟದ ಮಾತು. ವ್ಯೂವಿನಲ್ಲಿ, ಅಂದರೆ ಲಿಸ್ಟನ್ನು ತೋರಿಸುವ ನೋಟದಲ್ಲಿ, ಸಾಮಾನ್ಯವಾಗಿ ಒಂದು ಸಲಕ್ಕೆ 30 ಸಾಲು ಬರುತ್ತವೆ. ಮುಂದಿನ 30ಕ್ಕೆ ಒತ್ತಿದಾಗ ಇಡೀ ಪುಟ ಹೊಸದಾಗಿ ತೆರೆಯುವುದಿಲ್ಲ, ಲಿಸ್ಟಿನ ಭಾಗ ಮಾತ್ರ ಬದಲಾಗುತ್ತದೆ. ಪುಟ ತೆರೆದಾಗ ಒಮ್ಮೆ ಓಡಿ ಮುಗಿದ ನಿಮ್ಮ ಸ್ಕ್ರಿಪ್ಟಿಗೆ ಅದು ಗೊತ್ತೇ ಆಗುವುದಿಲ್ಲ.

2010ರ ಆವೃತ್ತಿಯಲ್ಲಿ ಹಲವರು ಹಿಡಿದಿದ್ದ ದಾರಿ ಅದು. 2013ರಿಂದ ಈಚೆಗೆ ಲಿಸ್ಟನ್ನು ಬ್ರೌಸರಿನಲ್ಲೇ ಕಟ್ಟುವ ವ್ಯವಸ್ಥೆ, ಅಂದರೆ ಕ್ಲೈಂಟ್ ಸೈಡ್ ರೆಂಡರಿಂಗ್ ಬಂದಿದೆ. ಅದಕ್ಕೆ ನಮ್ಮ ಫೈಲನ್ನು ಜೋಡಿಸುವ ಕೊಂಡಿಯೇ ‘ಜೆಎಸ್ ಲಿಂಕ್’. ಜೆಕ್ವೆರಿಯನ್ನು ತೆಗೆದುಹಾಕಿ ಇದಕ್ಕೆ ಬನ್ನಿ.

ಫೈಲಿನಲ್ಲಿ ಇರಬೇಕಾದದ್ದು ಹದಿನೈದಿಪ್ಪತ್ತು ಸಾಲು, ಅಷ್ಟೇ. ಒಂದು ಆಬ್ಜೆಕ್ಟ್ ಮಾಡಿ. ಅದರಲ್ಲಿ ಖಾಲಿ ‘ಟೆಂಪ್ಲೇಟ್ಸ್’, ‘ಲಿಸ್ಟ್‌ಟೆಂಪ್ಲೇಟ್‌ಟೈಪ್’ಗೆ 100, ‘ಆನ್‌ಪೋಸ್ಟ್‌ರೆಂಡರ್’ಗೆ ನಿಮ್ಮ ಫಂಕ್ಷನ್ ಕೊಡಿ. 100 ಎಂದರೆ ಕಸ್ಟಮ್ ಲಿಸ್ಟ್. ಡಾಕ್ಯುಮೆಂಟ್ ಲೈಬ್ರರಿಯಾದರೆ 101, 2013ರ ನಂತರದ ಟಾಸ್ಕ್ ಲಿಸ್ಟಾದರೆ 171. ಈ ಆಬ್ಜೆಕ್ಟನ್ನು ‘ಎಸ್‌ಪಿಕ್ಲೈಂಟ್‌ಟೆಂಪ್ಲೇಟ್ಸ್.ಟೆಂಪ್ಲೇಟ್‌ಮ್ಯಾನೇಜರ್.ರಿಜಿಸ್ಟರ್‌ಟೆಂಪ್ಲೇಟ್‌ಓವರ್‌ರೈಡ್ಸ್’ಗೆ ಒಪ್ಪಿಸಬೇಕು.

ಫಂಕ್ಷನ್ನಿಗೆ ‘ಸಿಟಿಎಕ್ಸ್’ ಎಂಬ ಕಾಂಟೆಕ್ಸ್ಟ್ ಬರುತ್ತದೆ. ಅದರ ‘ಲಿಸ್ಟ್‌ಡೇಟಾ.ರೋ’ ಒಳಗೆ ಈಗ ತೆರೆಯ ಮೇಲಿರುವ ಎಲ್ಲ ಸಾಲುಗಳ ಮಾಹಿತಿ ಇರುತ್ತದೆ. ಒಂದೊಂದೇ ಸಾಲಿನ ‘ಸ್ಟೇಟಸ್’ ನೋಡಿ, ಪೂರ್ತಿ ಸಮವೇ ಎಂದು ಮೂರು ಸಮಚಿಹ್ನೆಗಳಿಂದ ಹೋಲಿಸಿ. ‘ಒಳಗಿದೆಯೇ’ ಎಂದು ಕೇಳುವ ಅಗತ್ಯವೇ ಬರುವುದಿಲ್ಲ. ತಾಳೆಯಾದರೆ ‘ಜನರೇಟ್‌ಐಐಡಿಫಾರ್‌ಲಿಸ್ಟ್‌ಐಟಂ’ ಫಂಕ್ಷನ್ನಿಗೆ ಸಿಟಿಎಕ್ಸ್ ಮತ್ತು ಆ ಸಾಲು ಎರಡನ್ನೂ ಕೊಟ್ಟರೆ ಆ ಸಾಲಿನ ಐಡಿ ಸಿಗುತ್ತದೆ. ‘ಗೆಟ್‌ಎಲಿಮೆಂಟ್‌ಬೈಐಡಿ’ಯಿಂದ ಸಾಲನ್ನು ಹಿಡಿದು ಅದಕ್ಕೊಂದು ಸಿಎಸ್‌ಎಸ್ ಕ್ಲಾಸ್, ಅಂದರೆ ಬಣ್ಣದಂಥ ನೋಟದ ನಿಯಮಕ್ಕಿಟ್ಟ ಹೆಸರು, ಸೇರಿಸಿ. ಹಿಡಿದ ಸಾಲು ‘ನಲ್’ (ಏನೂ ಸಿಗಲಿಲ್ಲ) ಅಲ್ಲ ಎಂದು ಮೊದಲು ಪರೀಕ್ಷಿಸುವುದನ್ನು ಬಿಡಬೇಡಿ. ಗುಂಪು ಮಾಡಿ ಮಡಚಿಟ್ಟ ವ್ಯೂಗಳಲ್ಲಿ ಸಾಲು ಪುಟದಲ್ಲಿ ಇನ್ನೂ ಮೂಡಿರುವುದಿಲ್ಲ. ಪರೀಕ್ಷೆ ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಂತು, ಉಳಿದ ಸಾಲುಗಳೂ ಬಣ್ಣವಿಲ್ಲದೆ ಉಳಿಯುತ್ತವೆ.

ಬಣ್ಣವನ್ನು ಪ್ರತಿ ಸೆಲ್ಲಿಗೂ ನೇರವಾಗಿ ಬಳಿಯುವವರಿದ್ದಾರೆ. ಹಾಗೆ ಮಾಡಿದರೆ ಆಯ್ಕೆಯಾದ ಸಾಲಿಗೆ ಶೇರ್‌ಪಾಯಿಂಟ್ ಕೊಡುವ ಬಣ್ಣ ಮುಚ್ಚಿಹೋಗುತ್ತದೆ. ಅಳಿಸಲು ಹೊರಟವರಿಗೆ ಯಾವ ಸಾಲು ಆರಿಸಿದ್ದೇವೆಂದೇ ಕಾಣುವುದಿಲ್ಲ. ಸಾಲಿಗೆ ಕ್ಲಾಸ್ ಕೊಡುವುದೇ ಸರಿ. ತೆಳು ಬಣ್ಣಗಳು ಬೇಕಿದ್ದರೆ ಆರ್‌ಜಿಬಿ ಲೆಕ್ಕದಲ್ಲಿ ಹಸಿರಿಗೆ 223, 246, 221. ಹಳದಿಗೆ 255, 244, 206. ಕೆಂಪಿಗೆ 253, 231, 233 ಬಳಸಿ. ಇವುಗಳ ಮೇಲೆ ಕಪ್ಪು ಅಕ್ಷರ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಗಾಢ ಕೆಂಪು ಬಳಿದರೆ ನೀಲಿ ಲಿಂಕುಗಳು ಅದರಲ್ಲಿ ಮುಳುಗಿಹೋಗುತ್ತವೆ.

ಫೈಲನ್ನು ಸ್ಟೈಲ್ ಲೈಬ್ರರಿಗೆ ಏರಿಸಿ. ಲಿಸ್ಟಿನ ಪುಟವನ್ನು ಎಡಿಟ್ ಮಾಡಿ, ವೆಬ್ ಪಾರ್ಟಿನ (ಪುಟದಲ್ಲಿ ಲಿಸ್ಟನ್ನು ತೋರಿಸುವ ಭಾಗದ) ಗುಣಗಳನ್ನು ತೆರೆದು, ‘ಮಿಸಲೇನಿಯಸ್’ ಭಾಗದ ಕೊನೆಗೆ ಬನ್ನಿ. ಅಲ್ಲಿರುವ ಜೆಎಸ್ ಲಿಂಕ್ ಪೆಟ್ಟಿಗೆಯಲ್ಲಿ ‘~ಸೈಟ್‌ಕಲೆಕ್ಷನ್/ಸ್ಟೈಲ್ ಲೈಬ್ರರಿ/’ ಎಂದು ಶುರುಮಾಡಿ ಫೈಲಿನ ಹೆಸರು ಬರೆಯಿರಿ. ಬ್ರೌಸರಿನಿಂದ ಪೂರ್ತಿ ವಿಳಾಸವನ್ನು ನಕಲು ಮಾಡಿ ಅಂಟಿಸಿದರೆ ಕೆಲಸ ಮಾಡದು. ಎರಡು ಫೈಲುಗಳಿದ್ದರೆ ನಡುವೆ ಒಂದು ನಿಲುವು ಗೆರೆ ಹಾಕಿ.

ಇನ್ನೆರಡು ಎಚ್ಚರಿಕೆ. ಸ್ಕ್ರಿಪ್ಟ್ ನೋಡುವ ಕಾಲಮ್ಮು ಆ ವ್ಯೂವಿನಲ್ಲಿ ಇರಲೇಬೇಕು, ಇಲ್ಲದಿದ್ದರೆ ಅದರ ಮಾಹಿತಿ ಬ್ರೌಸರಿಗೆ ಬರುವುದೇ ಇಲ್ಲ. ಹಾಗೆಯೇ ಒಂದೇ ಪುಟದಲ್ಲಿ ಎರಡು ಕಸ್ಟಮ್ ಲಿಸ್ಟುಗಳಿದ್ದರೆ 100 ಎಂಬ ಸಂಖ್ಯೆ ಎರಡಕ್ಕೂ ಹೊಂದುತ್ತದೆ, ಒಂದಕ್ಕೆ ಬರೆದ ಬಣ್ಣ ಇನ್ನೊಂದಕ್ಕೂ ಹತ್ತುತ್ತದೆ. ಫಂಕ್ಷನ್ನಿನ ಮೊದಲ ಸಾಲಿನಲ್ಲೇ ‘ಸಿಟಿಎಕ್ಸ್.ಲಿಸ್ಟ್‌ಟೈಟಲ್’ ನೋಡಿ, ನಿಮ್ಮ ಲಿಸ್ಟಲ್ಲದಿದ್ದರೆ ಹಿಂದಿರುಗಿ. ಕ್ಯಾಲೆಂಡರ್ ವ್ಯೂವಿಗೆ ಜೆಎಸ್ ಲಿಂಕ್ ನಡೆಯುವುದಿಲ್ಲ.

ಪ್ರಶ್ನೆ: ಜೆಎಸ್ ಲಿಂಕ್ ಹಾಕಿದ್ದೇನೆ. ನನಗೆ ಬಣ್ಣ ಕಾಣುತ್ತದೆ, ಸಹೋದ್ಯೋಗಿಗಳಿಗೆ ಕಾಣುತ್ತಿಲ್ಲ. ನನಗೂ ಬೇರೆ ಪುಟಕ್ಕೆ ಹೋಗಿ ವಾಪಸ್ ಬಂದರೆ ಬಣ್ಣ ಮಾಯ, ಎಫ್5 ಒತ್ತಿದರೆ ಮತ್ತೆ ಬರುತ್ತದೆ.
— ಓದುಗರೊಬ್ಬರು, ಮೈಸೂರು

ಉತ್ತರ: ಇವು ಎರಡು ಬೇರೆಬೇರೆ ದೋಷಗಳು. ಮೊದಲನೆಯದು ಫೈಲಿನದು. ಸ್ಟೈಲ್ ಲೈಬ್ರರಿಯಲ್ಲಿ ಫೈಲು ಏರಿಸಿದರೆ ಸಾಲದು, ಚೆಕ್ ಇನ್ ಮಾಡಿ ಮೇಜರ್ ಆವೃತ್ತಿಯಾಗಿ ಪಬ್ಲಿಷ್ ಮಾಡಬೇಕು. ಅಲ್ಲಿಯವರೆಗೆ ಅದು ನಿಮಗಷ್ಟೇ ಕಾಣುತ್ತದೆ. ಪ್ರತಿ ಸಲ ತಿದ್ದಿದಾಗಲೂ ಹೀಗೇ, ಇಲ್ಲವಾದರೆ ಉಳಿದವರಿಗೆ ಹಳೆಯ ಆವೃತ್ತಿಯೇ ಹೋಗುತ್ತಿರುತ್ತದೆ. ಪಬ್ಲಿಷ್ ಮಾಡಿದ ಮೇಲೂ ಹಳೆಯದೇ ಬಂದರೆ ಬ್ರೌಸರು ಉಳಿಸಿಟ್ಟುಕೊಂಡ ಹಳೆಯ ಪ್ರತಿ (ಕ್ಯಾಶ್) ಕಾರಣ, ಕಂಟ್ರೋಲ್ ಎಫ್5 ಒತ್ತಿಸಿ ನೋಡಿ.

ಎರಡನೆಯದು ‘ಮಿನಿಮಲ್ ಡೌನ್‌ಲೋಡ್ ಸ್ಟ್ರಾಟಜಿ’ ಎಂಬ ಸೌಲಭ್ಯದ ಪರಿಣಾಮ. ವಿಳಾಸ ಪಟ್ಟಿಯಲ್ಲಿ ‘ಸ್ಟಾರ್ಟ್.ಎಎಸ್‌ಪಿಎಕ್ಸ್’ ಆದ ಮೇಲೆ ಹ್ಯಾಶ್ ಚಿಹ್ನೆ ಕಾಣುತ್ತಿದ್ದರೆ ಅದು ಚಾಲೂ ಇದೆ ಎಂದರ್ಥ. ಟೀಮ್ ಸೈಟುಗಳಲ್ಲಿ ಮೊದಲಿನಿಂದಲೇ ಚಾಲೂ ಇರುತ್ತದೆ. ಪುಟದಿಂದ ಪುಟಕ್ಕೆ ಹೋಗುವಾಗ ಬದಲಾದ ಭಾಗವನ್ನಷ್ಟೇ ಇಳಿಸಿಕೊಳ್ಳುವುದು ಇದರ ಕೆಲಸ. ಒಮ್ಮೆ ಇಳಿದ ಸ್ಕ್ರಿಪ್ಟನ್ನು ಅದು ಮತ್ತೆ ಓಡಿಸುವುದಿಲ್ಲ, ಆದರೆ ನೀವು ನೋಂದಾಯಿಸಿದ ಟೆಂಪ್ಲೇಟನ್ನು ಪುಟ ಬಿಡುವಾಗ ಮರೆತುಬಿಡುತ್ತದೆ. ಎಫ್5 ಒತ್ತಿದಾಗ ಎಲ್ಲವೂ ಹೊಸದಾಗಿ ಬರುವುದರಿಂದ ಬಣ್ಣವೂ ಬರುತ್ತದೆ.

ನೋಂದಣಿಯ ಕೆಲಸವನ್ನು ಒಂದು ಫಂಕ್ಷನ್ನಿನೊಳಗೆ ಇಟ್ಟು, ಅದನ್ನು ಒಮ್ಮೆ ನೇರವಾಗಿ ಕರೆಯಿರಿ. ಆಮೇಲೆ ‘ರಿಜಿಸ್ಟರ್‌ಮಾಡ್ಯೂಲ್‌ಇನಿಟ್’ಗೆ ಫೈಲಿನ ವಿಳಾಸವನ್ನೂ ಆ ಫಂಕ್ಷನ್ನಿನ ಹೆಸರನ್ನೂ ಕೊಡಿ. ವಿಳಾಸ ಸರ್ವರಿನ ಬೇರಿನಿಂದ, ಅಂದರೆ ಓರೆಗೆರೆಯಿಂದ ಶುರುವಾಗಬೇಕು. ಜೆಎಸ್ ಲಿಂಕಿನಲ್ಲಿ ಬರೆದ ದೊಡ್ಡಕ್ಷರ ಚಿಕ್ಕಕ್ಷರಗಳಿಗೂ ಇದಕ್ಕೂ ತಾಳೆ ಇರಬೇಕು. ಒಂದಕ್ಷರ ಹೆಚ್ಚುಕಡಿಮೆಯಾದರೂ ದೋಷದ ಸಂದೇಶ ಬರುವುದಿಲ್ಲ, ಬಣ್ಣ ಬರುವುದಿಲ್ಲ ಅಷ್ಟೆ. ಇಷ್ಟು ಪಾಡು ಬೇಡವೆನಿಸಿದರೆ ಸೈಟ್ ಸೆಟ್ಟಿಂಗ್ಸಿನಲ್ಲಿ ಸೈಟ್ ಫೀಚರ್ಸ್ ತೆರೆದು ಆ ಸೌಲಭ್ಯವನ್ನೇ ನಿಲ್ಲಿಸಬಹುದು. ಚಿಕ್ಕ ತಂಡದ ಸೈಟಿಗೆ ಅದರಿಂದ ಹೇಳಿಕೊಳ್ಳುವ ನಷ್ಟವೇನೂ ಇಲ್ಲ.

ಪ್ರಶ್ನೆ: ನಮ್ಮ ಲಿಸ್ಟಿನ ಕಾಲಮ್ಮುಗಳೂ ಆಯ್ಕೆಗಳೂ ಕನ್ನಡದಲ್ಲಿವೆ. ‘ಸ್ಥಿತಿ’ ಎಂಬ ಕಾಲಮ್ಮಿನಲ್ಲಿ ‘ಪೂರ್ಣ’, ‘ಬಾಕಿ’, ‘ತಡವಾಗಿದೆ’, ‘ಕೋರಿಕೆ ಬಂದಿದೆ’ ಎಂದಿದೆ. ಸ್ಕ್ರಿಪ್ಟು ‘ಸ್ಥಿತಿ’ ಎಂಬ ಹೆಸರನ್ನೇ ಗುರುತಿಸುತ್ತಿಲ್ಲ. ಕನ್ನಡದಲ್ಲಿ ಇದು ಸಾಧ್ಯವೇ ಇಲ್ಲವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಸಾಧ್ಯ. ಕನ್ನಡದಲ್ಲೇ ಇಡಿ, ದಯವಿಟ್ಟು ಇಂಗ್ಲಿಷಿಗೆ ಬದಲಿಸಬೇಡಿ. ಒಳಗೆ ನಡೆಯುವುದನ್ನು ತಿಳಿದುಕೊಂಡರೆ ಸಾಕು.

ಪ್ರತಿ ಕಾಲಮ್ಮಿಗೂ ಎರಡು ಹೆಸರು. ಕಣ್ಣಿಗೆ ಕಾಣುವುದೊಂದು, ಒಳಹೆಸರು ಇನ್ನೊಂದು. ಸ್ಕ್ರಿಪ್ಟಿಗೆ ಬೇಕಾದದ್ದು ಒಳಹೆಸರು. ಅದು ಕಾಲಮ್ಮು ಹುಟ್ಟಿದ ಗಳಿಗೆಯಲ್ಲಿ ಒಮ್ಮೆ ನಿಶ್ಚಯವಾದರೆ ಮತ್ತೆ ಬದಲಾಗದು. ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್ ಅಲ್ಲದ ಚಿಹ್ನೆಯನ್ನು ಶೇರ್‌ಪಾಯಿಂಟ್ ಒಂದು ಸಂಕೇತವಾಗಿ ಬರೆದಿಡುತ್ತದೆ: ಅಂಡರ್‌ಸ್ಕೋರ್, ಎಕ್ಸ್, ಯೂನಿಕೋಡಿನ ನಾಲ್ಕು ಸ್ಥಾನಗಳ ಸಂಖ್ಯೆ, ಮತ್ತೆ ಅಂಡರ್‌ಸ್ಕೋರ್. ಒಟ್ಟು ಏಳು ಸ್ಥಾನ. ಖಾಲಿ ಜಾಗಕ್ಕೂ ಇದೇ ಗತಿ, ಅದರ ಸಂಖ್ಯೆ 0020.

ಈಗ ‘ಸ್ಥಿತಿ’ಯನ್ನು ಬಿಡಿಸಿ ನೋಡಿ. ಸ, ವಿರಾಮ (ಹಲಂತದ ಚಿಹ್ನೆ), ಥ, ಗುಡಿಸು, ತ, ಗುಡಿಸು. ಎರಡಕ್ಷರದ ಪದ ಯೂನಿಕೋಡಿಗೆ ಆರು ಚಿಹ್ನೆ. ಆರೇಳಲಿ 42 ಸ್ಥಾನ. ಒಳಹೆಸರಿನ ಮಿತಿ 32. ಹಾಗಾಗಿ ನಿಮ್ಮ ಕಾಲಮ್ಮಿನ ಒಳಹೆಸರು ನಡುವೆಯೇ ತುಂಡಾಗಿ ನಿಂತಿರುತ್ತದೆ. ಲಿಸ್ಟ್ ಸೆಟ್ಟಿಂಗ್ಸಿನಲ್ಲಿ ಆ ಕಾಲಮ್ಮಿನ ಹೆಸರು ಒತ್ತಿ, ತೆರೆದ ಪುಟದ ವಿಳಾಸದ ಕೊನೆಯಲ್ಲಿ ‘ಫೀಲ್ಡ್=’ ಆದ ಮೇಲೆ ಬರುವುದೇ ಒಳಹೆಸರು. ವಿಳಾಸದಲ್ಲಿ ಅಂಡರ್‌ಸ್ಕೋರಿನ ಬದಲು ಶೇಕಡಾ ಚಿಹ್ನೆ, 5, ಎಫ್ ಎಂದು ಕಾಣಬಹುದು. ಅಂಥ ಪ್ರತಿಯೊಂದನ್ನೂ ಅಂಡರ್‌ಸ್ಕೋರಿಗೆ ತಿರುಗಿಸಿ ಬರೆದುಕೊಳ್ಳಿ.

ಹೊಸ ಲಿಸ್ಟಾದರೆ ಇನ್ನೂ ಸುಲಭ. ಕಾಲಮ್ಮನ್ನು ಮೊದಲು ‘ಸ್ಥಿತಿ’ಯ ಇಂಗ್ಲಿಷ್ ಕಾಗುಣಿತದಲ್ಲಿ, ಖಾಲಿ ಜಾಗವಿಲ್ಲದೆ ಸೃಷ್ಟಿಸಿ ಉಳಿಸಿ. ಮತ್ತೆ ತೆರೆದು ಹೆಸರನ್ನು ಕನ್ನಡಕ್ಕೆ ಬದಲಿಸಿ. ಜನರಿಗೆ ಕನ್ನಡ ಕಾಣುತ್ತದೆ, ಸ್ಕ್ರಿಪ್ಟಿಗೆ ಚಿಕ್ಕ ಚೊಕ್ಕ ಒಳಹೆಸರು ಉಳಿಯುತ್ತದೆ.

ಆಯ್ಕೆಗಳ ವಿಷಯ ಬೇರೆ. ಅವು ಸಂಕೇತವಾಗುವುದಿಲ್ಲ, ಕನ್ನಡದಲ್ಲೇ ಬರುತ್ತವೆ. ಆದರೆ ಕಣ್ಣಿಗೆ ಒಂದೇ ಥರ ಕಾಣುವ ಪದ ಕಂಪ್ಯೂಟರಿಗೆ ಎರಡಾಗಬಹುದು. ನಿಮ್ಮ ‘ಕೋರಿಕೆ’ಯನ್ನೇ ನೋಡಿ. ಅದರ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಒತ್ವದ ಮುಂದೆ ದೀರ್ಘದ ಚಿಹ್ನೆ ಸೇರಿಸಿಯೂ ಬರೆಯಬಹುದು. ಅಚ್ಚಿನಲ್ಲಿ ವ್ಯತ್ಯಾಸವಿಲ್ಲ, ಹೋಲಿಕೆಯಲ್ಲಿ ಎರಡೂ ಬೇರೆ. ಒತ್ತಕ್ಷರವಾಗದಂತೆ ತಡೆಯಲು ಬಳಸುವ, ಕಣ್ಣಿಗೆ ಕಾಣದ ಜೋಡಣೆ ಮುರಿಯುವ ಚಿಹ್ನೆಯೂ ಹೀಗೇ ತೊಂದರೆ ಕೊಡುತ್ತದೆ. ‘ಆಫೀಸ್‌ನಲ್ಲಿ’ ಎಂಬಂಥ ಪದಗಳಲ್ಲಿ ಅದು ಸಾಮಾನ್ಯ. ಆದ್ದರಿಂದ ಸ್ಕ್ರಿಪ್ಟಿನಲ್ಲಿ ಆಯ್ಕೆಯ ಪದವನ್ನು ಮತ್ತೆ ಟೈಪ್ ಮಾಡಬೇಡಿ, ಕಾಲಮ್ಮಿನ ಸೆಟ್ಟಿಂಗ್ಸಿನಿಂದಲೇ ನಕಲು ಮಾಡಿ ಅಂಟಿಸಿ. ಈಗಿನ ಬ್ರೌಸರುಗಳಲ್ಲಾದರೆ ಹೋಲಿಸುವ ಮುನ್ನ ಎರಡೂ ಕಡೆಗೆ ‘ನಾರ್ಮಲೈಸ್’ ಹಾಕಿದರೆ ಓತ್ವದ ತೊಡಕು ನೀಗುತ್ತದೆ. ಕಾಣದ ಚಿಹ್ನೆಯನ್ನು ಅದು ತೆಗೆಯುವುದಿಲ್ಲ.

ಫೈಲನ್ನು ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದೇ ಇರಲಿ. ನೋಟ್‌ಪ್ಯಾಡಿನ ‘ಸೇವ್ ಆ್ಯಸ್’ ಕಿಟಕಿಯ ಕೆಳಗೆ ಅದನ್ನು ಆರಿಸುವ ಜಾಗವಿದೆ. ‘ಆನ್ಸಿ’ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತದೆ.

ಪ್ರಶ್ನೆ: ಗಡುವು ಮೀರಿದ ಕೆಲಸಗಳನ್ನು ಕೆಂಪಾಗಿಸಲು ದಿನಾಂಕ ಹೋಲಿಸುತ್ತಿದ್ದೇನೆ. ತಿಂಗಳ 13ರಿಂದ ಮುಂದಿನ ಯಾವ ದಿನಾಂಕಕ್ಕೂ ಬಣ್ಣ ಬರುತ್ತಿಲ್ಲ, ಅದಕ್ಕೆ ಮುಂಚಿನವು ಕೆಲವು ತಪ್ಪಾಗಿ ಕೆಂಪಾಗುತ್ತಿವೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಕೊಟ್ಟ ‘13’ ಎಂಬ ಸುಳಿವೇ ಉತ್ತರ ಹೇಳುತ್ತಿದೆ. ಸಾಲಿನ ಮಾಹಿತಿಯಲ್ಲಿ ದಿನಾಂಕ ಬರುವುದು ಬರಿಯ ಅಕ್ಷರಗಳಾಗಿ, ಸೈಟಿನ ಪ್ರಾದೇಶಿಕ ಸೆಟ್ಟಿಂಗಿನ ರೂಪದಲ್ಲಿ. ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಜಾವಾಸ್ಕ್ರಿಪ್ಟಿನ ‘ಡೇಟ್’ ಅದನ್ನು ಅಮೆರಿಕದ ಪದ್ಧತಿಯಲ್ಲಿ, ತಿಂಗಳು ಮೊದಲು ಎಂದು ಓದುತ್ತದೆ. 05/04 ಎಂದರೆ ನಮಗೆ ಏಪ್ರಿಲ್ 5, ಅದಕ್ಕೆ ಮೇ 4. 13/04 ಬಂದಾಗ ಹದಿಮೂರನೇ ತಿಂಗಳೆಂಬುದೇ ಇಲ್ಲವಾದ್ದರಿಂದ ‘ಇನ್‌ವ್ಯಾಲಿಡ್ ಡೇಟ್’ ಆಗುತ್ತದೆ. ಅದರೊಂದಿಗೆ ಯಾವ ಹೋಲಿಕೆ ಮಾಡಿದರೂ ಉತ್ತರ ‘ಸುಳ್ಳು’.

ಅಕ್ಷರಗಳನ್ನು ಓರೆಗೆರೆಯಲ್ಲಿ ಒಡೆದು, ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ನೀವೇ ಜೋಡಿಸಿ. ತಿಂಗಳಿನಿಂದ ಒಂದು ಕಳೆಯುವುದು ನೆನಪಿರಲಿ, ಜಾವಾಸ್ಕ್ರಿಪ್ಟಿಗೆ ಜನವರಿ ಎಂದರೆ ಸೊನ್ನೆ. ಗಡುವು ಖಾಲಿ ಇರುವ ಸಾಲನ್ನು ಮೊದಲೇ ಬದಿಗಿಡಿ.

ಸೈಟ್ ಸೆಟ್ಟಿಂಗ್ಸಿನ ರೀಜನಲ್ ಸೆಟ್ಟಿಂಗ್ಸನ್ನೂ ಒಮ್ಮೆ ತೆರೆದು ನೋಡಿ. ಸಮಯ ವಲಯ ಅಮೆರಿಕದ ಪೆಸಿಫಿಕ್ ಎಂದೇ ಉಳಿದಿರುವ ಸೈಟುಗಳು ಬಹಳ. ಅಲ್ಲಿಗೂ ನಮಗೂ ಋತುವಿಗೆ ತಕ್ಕಂತೆ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಅಂತರ. ದಿನವೇ ಅದಲುಬದಲಾಗಲು ಅಷ್ಟು ಸಾಕು. ಯುಟಿಸಿ+05:30, ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಎಂಬುದನ್ನು ಆರಿಸಿ.

ಪ್ರಶ್ನೆ: ನಮ್ಮ ಕಚೇರಿ ಮೈಕ್ರೋಸಾಫ್ಟ್ 365ಕ್ಕೆ ಬದಲಾಗಿದೆ. ಹೊಸ ಲಿಸ್ಟ್ ಪುಟದಲ್ಲಿ ಜೆಎಸ್ ಲಿಂಕ್ ಪೆಟ್ಟಿಗೆಯೇ ಇಲ್ಲ. ಹಳೆಯ ಸ್ಕ್ರಿಪ್ಟನ್ನು ಹೇಗೆ ತರುವುದು?
— ಓದುಗರೊಬ್ಬರು, ಮಂಗಳೂರು

ಉತ್ತರ: ತರಬೇಡಿ. ಮಾಡರ್ನ್ (ಹೊಸ ವಿನ್ಯಾಸದ) ಪುಟಗಳಲ್ಲಿ ಜೆಎಸ್ ಲಿಂಕ್ ನಡೆಯುವುದಿಲ್ಲ. ಲಿಸ್ಟನ್ನು ಕ್ಲಾಸಿಕ್ ನೋಟಕ್ಕೆ ತಿರುಗಿಸಿ ಹಳೆಯದನ್ನೇ ಉಳಿಸಿಕೊಳ್ಳುವ ಸಲಹೆ ಕೇಳಿರುತ್ತೀರಿ. ನಾವು ಅದನ್ನು ಒಪ್ಪುವುದಿಲ್ಲ. ಜೆಎಸ್ ಲಿಂಕಿನ ಫೈಲು ಪುಟ ನೋಡುವವರ ಅಧಿಕಾರದಲ್ಲಿ ಓಡುತ್ತದೆ. ಸೈಟಿನ ಒಡೆಯರು ಪುಟ ತೆರೆದರೆ ಒಡೆಯರ ಅಧಿಕಾರ ಅದಕ್ಕಿರುತ್ತದೆ. ಆ ಫೈಲನ್ನು ತಿದ್ದಬಲ್ಲ ಯಾರೇ ಆದರೂ ಅದರಿಂದ ಏನನ್ನೂ ಮಾಡಿಸಬಹುದು. ಹೊಸ ಟೀಮ್ ಸೈಟುಗಳಲ್ಲಿ ಕಸ್ಟಮ್ ಸ್ಕ್ರಿಪ್ಟನ್ನು ಮೊದಲಿನಿಂದಲೇ ತಡೆದಿರುವುದಕ್ಕೆ ಕಾರಣ ಇದೇ.

ಬರಿಯ ಬಣ್ಣಕ್ಕೆ ಸ್ಕ್ರಿಪ್ಟ್ ಬೇಕಾಗಿಯೂ ಇಲ್ಲ. ಲಿಸ್ಟಿನ ಮೇಲಿರುವ ವ್ಯೂ ಹೆಸರು ಒತ್ತಿ ‘ಫಾರ್ಮ್ಯಾಟ್ ಕರೆಂಟ್ ವ್ಯೂ’ಗೆ ಹೋಗಿ. ‘ಕಂಡಿಷನಲ್ ಫಾರ್ಮ್ಯಾಟಿಂಗ್’ ಆರಿಸಿದರೆ ಸ್ಥಿತಿ ಇಂಥದ್ದಾದರೆ ಬಣ್ಣ ಇಂಥದ್ದು ಎಂದು ನಿಯಮ ಕಟ್ಟಬಹುದು, ಒಂದಕ್ಷರ ಕೋಡೂ ಬೇಡ. ಅದರಿಂದ ಸಾಲದೆ ಹೋದರೆ ‘ಅಡ್ವಾನ್ಸ್ಡ್ ಮೋಡ್’ನಲ್ಲಿ ಜೇಸನ್ (ಮಾಹಿತಿಯನ್ನು ಅಕ್ಷರಗಳಲ್ಲಿ ಬರೆದಿಡುವ ಒಂದು ರೂಪ) ಬರೆಯಬಹುದು. ಸಾಲಿನ ಬಣ್ಣಕ್ಕೆ ಅಲ್ಲಿ ಮುಖ್ಯವಾದ ಕೀಲಿ ‘ಅಡಿಷನಲ್‌ರೋಕ್ಲಾಸ್’. ಅದರ ಬೆಲೆ ಎಕ್ಸೆಲ್ ಸೂತ್ರದ ಹಾಗೆ ಸಮಚಿಹ್ನೆಯಿಂದ ಶುರುವಾಗಿ, ‘ಇಫ್’ ಒಳಗೆ ಷರತ್ತು, ನಿಜವಾದರೆ ಕ್ಲಾಸು, ಇಲ್ಲವಾದರೆ ಖಾಲಿ. ಕಾಲಮ್ಮನ್ನು ಚೌಕ ಆವರಣದಲ್ಲಿ ಡಾಲರ್ ಚಿಹ್ನೆ ಹಾಕಿ ಒಳಹೆಸರಿನಿಂದ ಬರೆಯಬೇಕು. ಧಾರವಾಡದ ಓದುಗರಿಗೆ ಹೇಳಿದ ಒಳಹೆಸರಿನ ಮಾತು ಇಲ್ಲಿಗೂ ಸಲ್ಲುತ್ತದೆ. ಸಿದ್ಧ ಕ್ಲಾಸುಗಳು ಐದು, ಎಲ್ಲಕ್ಕೂ ‘ಎಸ್‌ಪಿ-ಫೀಲ್ಡ್-ಸಿವಿಯರಿಟಿ’ ಮತ್ತು ಜೋಡಿ ಅಡ್ಡಗೆರೆ ಮೊದಲಿಗೆ. ಆಮೇಲೆ ‘ಗುಡ್’, ‘ಲೋ’, ‘ವಾರ್ನಿಂಗ್’, ‘ಸಿವಿಯರ್‌ವಾರ್ನಿಂಗ್’, ‘ಬ್ಲಾಕ್ಡ್’.

ಕೆಡುವುದು ಹೆಚ್ಚಾಗಿ ಅಂಟಿಸುವಾಗ. ವರ್ಡಿನಲ್ಲಿ ಬರೆದು ತಂದರೆ ಜೋಡಿ ಅಡ್ಡಗೆರೆ ಒಂದು ಉದ್ದ ಗೆರೆಯಾಗಿ, ನೇರ ಉದ್ಧರಣ ಚಿಹ್ನೆ ಬಾಗಿದ್ದಾಗಿ ಬದಲಾಗಿರುತ್ತದೆ. ಬಾಗಿದ ಚಿಹ್ನೆಗೆ ಜೇಸನ್ ದೋಷ ತೋರಿಸುತ್ತದೆ. ಗೆರೆಯ ತಪ್ಪಿಗೆ ಏನೂ ಹೇಳುವುದಿಲ್ಲ, ಬಣ್ಣ ಮಾತ್ರ ಬಾರದು. ನೋಟ್‌ಪ್ಯಾಡಿನಲ್ಲೇ ಬರೆಯಿರಿ. ‘ರೋಫಾರ್ಮ್ಯಾಟರ್’ ಎಂಬ ಇನ್ನೊಂದು ಕೀಲಿಯೂ ಅದೇ ಜೇಸನ್ನಿನಲ್ಲಿದ್ದರೆ ಅಡಿಷನಲ್‌ರೋಕ್ಲಾಸನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಗಡುವಿನ ಬಣ್ಣಕ್ಕೆ ‘@ನೌ’ (ಈ ಕ್ಷಣದ ದಿನಾಂಕ, ಸಮಯ) ಇದೆ. ಆದರೆ ಗಡುವು ‘@ನೌ’ಗಿಂತ ಹಿಂದಿದೆಯೇ ಎಂದಷ್ಟೇ ಕೇಳಿದರೆ ಇವತ್ತೇ ಮುಗಿಯಬೇಕಾದ ಕೆಲಸ ಬೆಳಗ್ಗೆಯೇ ಕೆಂಪಾಗಿರುತ್ತದೆ. ಸಮಯವಿಲ್ಲದ ದಿನಾಂಕ ಎಂದರೆ ಆ ದಿನದ ನಡುರಾತ್ರಿ 12 ಗಂಟೆ, ಅದು ಆಗಲೇ ಕಳೆದಿದೆ. ಎರಡನ್ನೂ ‘ನಂಬರ್’ ಒಳಗಿಟ್ಟು ‘@ನೌ’ನಿಂದ ಗಡುವನ್ನು ಕಳೆಯಿರಿ. ವ್ಯತ್ಯಾಸ ಮಿಲಿಸೆಕೆಂಡುಗಳಲ್ಲಿ ಬರುತ್ತದೆ. ಒಂದು ದಿನಕ್ಕೆ 8,64,00,000. ಸೂತ್ರದಲ್ಲಿ ಅಲ್ಪವಿರಾಮವಿಲ್ಲದೆ 86400000 ಎಂದು ಬರೆದು, ವ್ಯತ್ಯಾಸ ಅದನ್ನು ಮೀರಿದಾಗ ಮಾತ್ರ ಕೆಂಪು ಕೊಡಿ. ಖಾಲಿ ದಿನಾಂಕದ ನಂಬರ್ ಸೊನ್ನೆ. ಅದನ್ನು ಮೊದಲ ಷರತ್ತಿನಲ್ಲೇ ಬೇರ್ಪಡಿಸದಿದ್ದರೆ ಗಡುವೇ ಇಲ್ಲದ ಕೆಲಸಗಳೆಲ್ಲ ಕೆಂಪಾಗಿ ಕೂರುತ್ತವೆ.

ಪ್ರಶ್ನೆ: ಬಣ್ಣ ಬಂದ ಲಿಸ್ಟನ್ನು ಪ್ರಿಂಟ್ ಮಾಡಿದರೆ ಎಲ್ಲ ಬಿಳಿ. ಎಕ್ಸೆಲ್‌ಗೆ ಕಳಿಸಿದರೂ ಬಣ್ಣವಿಲ್ಲ.
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಬ್ರೌಸರು ಶಾಯಿ ಉಳಿಸಲು ಹಿನ್ನೆಲೆಯನ್ನು ಬಿಟ್ಟು ಅಚ್ಚು ಮಾಡುತ್ತದೆ. ಪ್ರಿಂಟ್ ಕಿಟಕಿಯಲ್ಲಿ ‘ಮೋರ್ ಸೆಟ್ಟಿಂಗ್ಸ್’ ತೆರೆದು ‘ಬ್ಯಾಕ್‌ಗ್ರೌಂಡ್ ಗ್ರಾಫಿಕ್ಸ್’ಗೆ ಗುರುತು ಹಾಕಿ. ಎಕ್ಸೆಲ್‌ಗೆ ಹೋಗುವುದು ಮಾಹಿತಿ ಮಾತ್ರ. ಅಲ್ಲಿ ಎಕ್ಸೆಲ್ಲಿನ ಕಂಡಿಷನಲ್ ಫಾರ್ಮ್ಯಾಟಿಂಗನ್ನೇ ಬೇರೆಯಾಗಿ ಹಾಕಬೇಕು. ಕಪ್ಪುಬಿಳುಪು ಪ್ರಿಂಟರಿನಲ್ಲಿ ತೆಳು ಹಸಿರೂ ತೆಳು ಕೆಂಪೂ ಒಂದೇ ಬೂದು. ಕೆಂಪು ಹಸಿರು ಬೇರ್ಪಡಿಸಿ ಕಾಣದ ಕಣ್ಣುಗಳಿಗೂ ಅವು ಬಹುಮಟ್ಟಿಗೆ ಒಂದೇ. ಆದ್ದರಿಂದ ಬಣ್ಣ ಬಂದಿದೆಯೆಂದು ಸ್ಥಿತಿಯ ಕಾಲಮ್ಮನ್ನು ವ್ಯೂವಿನಿಂದ ತೆಗೆಯಬೇಡಿ.